ಹಳ್ಳದಾಚೆ ಪಾಳು ಭೂಮಿ

ಆ ನಕ್ಷೆ ಬರೆದವನು ನಾನು. ಬೇರೆ ಯಾರ ಮೇಲೂ ಹಾಕುವ ಹಾಗಿಲ್ಲ. ಕಾಗದ ನನ್ನದು, ಪೆನ್ಸಿಲು ನನ್ನದು, ಬಲಮೂಲೆಯಲ್ಲಿರುವ ಸಹಿಯೂ ನನ್ನದು. ಸಂಜೀವಕುಮಾರ, ಮಾನವಶಾಸ್ತ್ರ ಸಂಶೋಧಕ, ೧೯೯೫.

ಈಗ ನನಗೆ ಐವತ್ತಾರು. ಮೂವತ್ತು ವರ್ಷ ವಸ್ತುಸಂಗ್ರಹಾಲಯಗಳಲ್ಲೇ ಕಳೆದಿದ್ದೇನೆ. ಊರಿನ ನೆನಪನ್ನು ಊರಿನಲ್ಲೇ ಉಳಿಸಬೇಕು ಅಂತ ಭಾಷಣ ಮಾಡಿದ್ದೇನೆ. ಶಾಲು ಹೊದಿಸಿಕೊಂಡಿದ್ದೇನೆ. ಕುಡುಗೋಲು, ಕೂರಿಗೆ, ಬೀಸುವ ಕಲ್ಲು, ಜೋಳ ಅಳೆಯುವ ಸೇರು, ಎಲ್ಲಕ್ಕೂ ನಂಬರು ಬರೆದು ಗಾಜಿನೊಳಗೆ ಇಟ್ಟಿದ್ದೇನೆ. ಹತ್ತೊಂಬತ್ತು ಮನೆಗಳನ್ನು ಪೆನ್ಸಿಲಿನಿಂದ ಇಲ್ಲವಾಗಿಸಿದವನು ಅಂತ ಯಾವ ಸಭೆಯಲ್ಲೂ ಯಾರೂ ನನ್ನನ್ನು ಪರಿಚಯ ಮಾಡಿಕೊಟ್ಟಿಲ್ಲ. ಅದನ್ನು ಈಗ ನಾನೇ ಮಾಡಿಕೊಳ್ಳುತ್ತಿದ್ದೇನೆ.

ಊರು ಹಾಲಗೊಂಡಿ. ನಾಗಲಗಿದ್ದದಿಂದ ಒಳಗೆ, ತೆಲುಗು ಸೀಮೆಯಲ್ಲಿ ಕರ್ನಾಟಕದ ಗಡಿಗೆ ಹತ್ತಿಕೊಂಡ ಊರು. ನಾನು ನಾರಾಯಣಖೇಡದ ಮಾಸ್ತರರ ಮಗ, ಕೊರಳಲ್ಲಿ ಲಿಂಗ ಇದ್ದವನು. ಅದಕ್ಕೇ ಪಾಟೀಲರ ವಾಡೆಯಲ್ಲಿ ನನಗೆ ಒಂದು ಕೋಣೆ, ಹಾಸಿಗೆ, ಎರಡು ಹೊತ್ತು ಊಟ ಸಿಕ್ಕಿತು. ಇಪ್ಪತ್ತೈದರ ವಯಸ್ಸು. ಹಳ್ಳಿಯೊಂದರ ಒಳಹೊರಗನ್ನೆಲ್ಲ ತಿಳಿದು ಬರೆದು ಡಾಕ್ಟರ್ ಅನ್ನಿಸಿಕೊಳ್ಳುವ ಆಸೆ.

ಊರಿನ ಪಡುವಣಕ್ಕೆ ಹಳ್ಳ. ಹಳ್ಳದಾಚೆ ಕೇರಿ. ಬಂದ ನಾಲ್ಕನೆಯ ದಿನ ನಾನು ಹಳ್ಳ ದಾಟಿದೆ. ಮನೆಗಳನ್ನು ಎಣಿಸಿದೆ, ಹತ್ತೊಂಬತ್ತು. ಡೈರಿಯಲ್ಲಿ ಬರೆದುಕೊಂಡೆ. ಬಿಸಿಲು ಏರಿತ್ತು. ಒಂದು ಮನೆಯ ಮುಂದೆ ಶರಣಪ್ಪ ಅನ್ನುವವನು ತೊಗರಿಕಟ್ಟಿಗೆಯ ಚಪ್ಪರ ಕಟ್ಟುತ್ತಿದ್ದ. ಇಳಿದು ಬಂದು ಚೀಲ ಹಾಸಿದ. ಅವನ ಹೆಂಡತಿ ಚಂದ್ರಾಬಾಯಿ ಜೋಳದ ಅಂಬಲಿ ತಂದು ಸ್ವಲ್ಪ ದೂರದಲ್ಲಿ ಇಟ್ಟರು. ಕುಡಿದೆ. ಚೆನ್ನಾಗಿತ್ತು. ಇನ್ನೊಂದು ಬಟ್ಟಲು ಕೇಳಿ ಕುಡಿದೆ.

ವಾಡೆಯ ತಲೆಬಾಗಿಲಲ್ಲಿ ಬಂಡೆಪ್ಪನ ತಾಯಿ ನಿಂತಿದ್ದರು. ಬಂಡೆಪ್ಪ ನನಗಿಂತ ಎರಡು ವರ್ಷ ದೊಡ್ಡವನು, ಆಗಲೇ ಪಾಟೀಲಿಕೆ ನೋಡಿಕೊಳ್ಳುತ್ತಿದ್ದ. ಅವನ ತಾಯಿ ಸಿಟ್ಟು ಮಾಡಲಿಲ್ಲ. ಮೆಲ್ಲಗೆ ಹೇಳಿದರು.

"ಹಿಂದಿನ ಬಾಗಲಿಂದ ಬಾರಪ್ಪ. ಬಟ್ಟಿ ಮ್ಯಾಲೇ ನಾಕು ಕೊಡ ನೀರು ಹಾಕ್ಕೊ. ಮನ್ಯಾಗ ಪೂಜಿ ಅದ."

ಕುಲ ಇಲ್ಲ ಅಂತ ಹೇಳಿಕೊಟ್ಟ ಧರ್ಮದ ಮನೆ ಅದು. ನಾನು ಎದುರು ಮಾತಾಡಲಿಲ್ಲ. ಹಿಂದಿನ ಬಾಗಿಲಿಗೆ ಹೋದೆ. ನಾಲ್ಕು ಕೊಡ ಸುರಿದುಕೊಂಡೆ. ಆಳುಗಳು ನೋಡುತ್ತಿದ್ದರು. ಸಂಜೆಗೆ ಜ್ವರ ಬಂತು. ಮೂರು ದಿನಕ್ಕೆ ಬಿಟ್ಟಿತು. ನಾನು ಮಾತ್ರ ಆ ಮೇಲೆ ಹನ್ನೊಂದು ತಿಂಗಳು ಹಳ್ಳ ದಾಟಲಿಲ್ಲ.

ನೀರು ತಣ್ಣಗಿತ್ತು ಅನ್ನುವುದು ನೆಪ. ಹಿಂದಿನ ಬಾಗಿಲು ನನ್ನ ಮಾನಕ್ಕೆ ತಾಗಿತು, ಅದೇ ಕಾರಣ. ಒಂದು ದಿನದ ಹಿಂದಿನ ಬಾಗಿಲನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಚಂದ್ರಾಬಾಯಿ ಹದಿನಾಲ್ಕನೆಯ ವಯಸ್ಸಿನಿಂದ ಆ ಬಾಗಿಲ ಹೊರಗೆ ನಿಂತು ಸೆರಗೊಡ್ಡಿ ರೊಟ್ಟಿ ಇಸಿದುಕೊಂಡವರು.

ಕೇರಿಯವರನ್ನು ಕೇಳುವುದು ನನ್ನ ಸಂಶೋಧನೆಗೆ ಬೇಕೇ ಬೇಕಿತ್ತು. ಅದಕ್ಕೆ ದಾರಿ ಕಂಡುಕೊಂಡೆ. ಅವರನ್ನೇ ವಾಡೆಯ ಹಿತ್ತಿಲಿಗೆ ಕರೆಸಿಕೊಂಡೆ. ನಾನು ಕಟ್ಟೆಯ ಮೇಲೆ, ಅವರು ತಿಪ್ಪೆಯ ಪಕ್ಕ ನೆಲದ ಮೇಲೆ. ನಿಮ್ಮ ಹಬ್ಬ ಯಾವುದು, ನಿಮ್ಮ ದೇವರು ಯಾವುದು, ಸತ್ತವರನ್ನು ಏನು ಮಾಡುತ್ತೀರಿ ಅಂತ ಕೇಳಿದೆ. "ಹೂಳ್ತೀವ್ರಿ" ಅಂದರು. ಎಲ್ಲಿ ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ಹೋಗಿ ನೋಡಬೇಕಾಗುತ್ತಿತ್ತು.

ಕೊನೆಗೆ ವಿಶ್ವವಿದ್ಯಾಲಯದ ನನ್ನ ಗುರುಗಳು ಊರಿನ ಪೂರ್ತಿ ನಕ್ಷೆ ಕೇಳಿದರು. ಹೆಜ್ಜೆ ಎಣಿಸಿ ಓಣಿ ಓಣಿ ಅಳೆದೆ. ಹಳ್ಳದ ದಂಡೆಗೆ ಬಂದು ನಿಂತೆ. ಕಾಗದದಲ್ಲಿ ಇನ್ನೂ ನಾಲ್ಕು ಬೆರಳು ಜಾಗ ಉಳಿದಿತ್ತು. ಖಾಲಿ ಬಿಟ್ಟರೆ ಗುರುಗಳು ಕೇಳುತ್ತಾರೆ. "ಪಾಳು ಭೂಮಿ" ಅಂತ ಬರೆದೆ. ಬೆನ್ನ ಹಿಂದೆ ಚಹಾ ಹಿಡಿದು ನಿಂತಿದ್ದ ಬಂಡೆಪ್ಪ ಬಗ್ಗಿ ನೋಡಿ "ಬರೋಬರಿ ಅದ" ಅಂದ. ಊರು ಅಂದಮೇಲೆ ಹೊಲಗೇರಿ ಇದ್ದೇ ಇರ್ತದ ಅಂತ ನಮ್ಮವರು ಬಾಯಿಗೆ ಬಂದಾಗಲೆಲ್ಲ ಅನ್ನುತ್ತಾರೆ. ಕೇರಿಯೇ ಇಲ್ಲದ ಊರು ಬರೆದು ನಾನು ಡಾಕ್ಟರ್ ಆದೆ.

ಎರಡು ವರ್ಷದ ಹಿಂದೆ ಬಂಡೆಪ್ಪ ಜಹೀರಾಬಾದಿನ ನನ್ನ ಮನೆಗೆ ಬಂದ. ವಾಡೆಯ ಮಾಡು ಕುಸಿಯುತ್ತಿತ್ತು.

"ವಾಡೆ ಮ್ಯೂಜಿಯಂ ಮಾಡಮು ಸಂಜೀವಣ್ಣ. ನೀವೇ ಡೈರೆಕ್ಟರ್. ನಮ್ಮ ಊರು ನಿಮಗ ಗೊತ್ತಿದ್ದಂಗ ಯಾರಿಗಿ ಗೊತ್ತದ?"

ನನಗೆ ಹಿಗ್ಗೋ ಹಿಗ್ಗು. ಹಾಲಗೊಂಡಿ ಸಮುದಾಯ ವಸ್ತುಸಂಗ್ರಹಾಲಯ ಅಂತ ಹೆಸರಿಟ್ಟವನೂ ನಾನೇ. ಟ್ರಸ್ಟಿಗೆ ಏಳು ಜನ. ಏಳೂ ಜನ ಹಳ್ಳದ ಈಚೆಯವರು. ಸಮುದಾಯ ಅನ್ನುವ ಶಬ್ದ ಬೋರ್ಡಿನ ಮೇಲೆ ಬರೆಸುವಾಗ ಅದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ವಾಡೆಯ ಗೋಡೆಗೆ ಸಿಮೆಂಟು ಬೇಡ, ಹಳೆಯ ಪದ್ಧತಿಯಲ್ಲೇ ಮಣ್ಣು ಮೆತ್ತಿಸಬೇಕು ಅಂತ ಹಟ ಹಿಡಿದೆ. ಆ ಕೆಲಸ ಬಲ್ಲವರು ಚಂದ್ರಾಬಾಯಿ ಒಬ್ಬರೇ ಉಳಿದಿದ್ದರು. ಅರವತ್ತೆಂಟು ವರ್ಷ. ಕೆಂಪು ಮಣ್ಣು, ಸಗಣಿ, ಜೋಳದ ಹೊಟ್ಟು ಕಲಸಿ ಎರಡು ದಿನ ಬರಿಗಾಲಲ್ಲಿ ತುಳಿಯಬೇಕು. ತುಳಿದರು. ಬುಟ್ಟಿ ಹೊತ್ತು ಏಣಿ ಹತ್ತಬೇಕು. ಹತ್ತಿದರು. ಒಂದು ಕೈಯಲ್ಲಿ ಏಣಿ, ಒಂದು ಕೈಯಲ್ಲಿ ಮಣ್ಣು. ಇಳಿದಾಗ ಸೊಂಟ ಹಿಡಿದು ಐದು ನಿಮಿಷ ಹಾಗೇ ಬಗ್ಗಿ ನಿಲ್ಲುತ್ತಿದ್ದರು. ನೋಡಲು ಬಂದವರಿಗೆ ನಾನು "ಇದು ನಮ್ಮ ಪಾರಂಪರಿಕ ಜ್ಞಾನ" ಅಂತ ವಿವರಿಸುತ್ತಿದ್ದೆ.

"ಜ್ಞಾನ ಅಲ್ರಿ ಸಾಹೇಬ್ರ," ಅನ್ನುತ್ತಿದ್ದರು ಚಂದ್ರಾಬಾಯಿ, "ಟೊಂಕ ನೋವು."

ಬಂದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಅಂಗಳದ ನಡುವೆ ನನ್ನ ೧೯೯೫ರ ನಕ್ಷೆಯನ್ನು ಕಲ್ಲಿನಲ್ಲಿ ಕೆತ್ತಿಸಿ ಹಾಸಬೇಕು, ಅದೂ ನನ್ನದೇ ಆಸೆ. ತಾಂಡೂರಿನ ಕಲ್ಲು, ಆಳುದ್ದದ ನಾಲ್ಕು ಹಾಸುಗಲ್ಲು. ಅಲ್ಲಿಯ ಒಂದು ಕಾರ್ಖಾನೆಗೆ ಹೇಳಿದೆವು. ಲಾರಿಯ ಜೊತೆ ಬಂದವನು ಮಿಲಿಂದ್. ಚಂದ್ರಾಬಾಯಿಯ ಮಗಳ ಮಗ, ಇಪ್ಪತ್ತೊಂಬತ್ತು ವರ್ಷ. ಅದು ನನಗೆ ಗೊತ್ತಿರಲಿಲ್ಲ. ಅವನು ದಿನವೆಲ್ಲ ಮಂಡಿಯೂರಿ ಕೂತು ಯಂತ್ರದಿಂದ ಅಂಚು ಕೊಯ್ಯುತ್ತಿದ್ದ. ಬಾಯಿಗೆ ಒದ್ದೆ ಬಟ್ಟೆ ಕಟ್ಟಿದರೂ ಕಲ್ಲಿನ ಪುಡಿ ಒಳಗೆ ಹೋಗುತ್ತಿತ್ತು. ಕೆಮ್ಮುತ್ತಿದ್ದ. ರೆಪ್ಪೆಗಳೆಲ್ಲ ಬಿಳಿ. ಬೆರಳ ತುದಿ ಒಡೆದು ರಕ್ತ ಬಂದರೆ ಅದೇ ಕಲ್ಲಿನ ರಾಡಿ ಹಚ್ಚಿಕೊಳ್ಳುತ್ತಿದ್ದ.

ನಾಲ್ಕೂ ಹಾಸು ಕೂಡಿಸಿದ ದಿನ ಅವನು ಎದ್ದು ನಿಂತು ಪೂರ್ತಿ ನಕ್ಷೆ ನೋಡಿದ. ಬಹಳ ಹೊತ್ತು ನೋಡಿದ.

"ಸರ್, ಇದು ಹಳ್ಳ ಅಲ್ರಿ?"

"ಹೌದು."

"ಆಚಿ ಪಾಳು ಭೂಮಿ ಅಂತ ಕಾರ್ಖಾನ್ಯಾಗ ನಾನೇ ಕೆತ್ತೀನ್ರಿ. ಊರ ಹೆಸರಿನ ಹಾಸು ಬ್ಯಾರೆಯವ್ರ ಕೈಯಾಗಿತ್ತು. ಯಾವ ಊರು ಅಂತ ಆಗ ಗೊತ್ತಾಗಲಿಲ್ಲ." ಬೂಟಿಲ್ಲದ ಕಾಲಿನ ಹೆಬ್ಬೆರಳಿನಿಂದ ಒಂದು ಕಡೆ ತೋರಿಸಿದ. "ಇಲ್ಲಿ ನಮ್ಮ ಆಯಿ ಮನಿ ಅದರಿ."

"ಅದು ತೊಂಬತ್ತೈದರ ನಕ್ಷೆ," ಅಂದೆ.

"ತೊಂಬತ್ತೈದಕ್ಕ ನಮ್ಮವ್ವ ಅಲ್ಲೇ ಹುಟ್ಟಿ ಬೆಳದು ಲಗ್ನ ಆಗಿ ತಾಂಡೂರಿಗಿ ಬಂದಿದ್ಳ್ರಿ."

"ಆಮೇಲೆ ಸರಿ ಮಾಡೋಣ."

"ಕಲ್ಲಿನ್ಯಾಗ ಆಮ್ಯಾಲ ಸರಿ ಮಾಡಾಕ ಬರಂಗಿಲ್ರಿ ಸರ್," ಅಂದ. ಯಂತ್ರದ ವೈರು ಕಿತ್ತು ಸುತ್ತಿಟ್ಟ. ಪಾಲಿಶ್ ಮಾಡಲಿಲ್ಲ. ಅಂದಿನ ಕೂಲಿಯನ್ನೂ ಕೇಳಲಿಲ್ಲ.

ವಾರ ಕಳೆದು ಕೇರಿಗೆ ನೋಟೀಸು ಬಂತು.

ವಸ್ತುಸಂಗ್ರಹಾಲಯಕ್ಕೆ ಬಸ್ಸು ನಿಲ್ಲಿಸಲು, ಅಂಗಡಿ ಹಾಕಲು ಹಳ್ಳದಾಚೆಯ ಸರಕಾರಿ ಭೂಮಿ ಬೇಕು ಅಂತ ಟ್ರಸ್ಟು ಅರ್ಜಿ ಕೊಟ್ಟಿತ್ತು. ಅದು ಹಿಂದಿನಿಂದ ಪಾಳು ಬಿದ್ದ ಭೂಮಿ ಅನ್ನುವುದಕ್ಕೆ ನನ್ನ ನಕ್ಷೆ ಲಗತ್ತಿಸಿತ್ತು. ೧೯೯೫ರಲ್ಲಿ ಅಲ್ಲಿ ಒಂದು ಮನೆಯೂ ಇಲ್ಲ, ಆದ್ದರಿಂದ ಈಗಿರುವ ಮನೆಗಳೆಲ್ಲ ಆಮೇಲಿನ ಅತಿಕ್ರಮಣ. ಹದಿನೈದು ದಿನದಲ್ಲಿ ತೆರವು ಮಾಡಬೇಕು, ತಕರಾರು ಇದ್ದರೆ ವಿಚಾರಣೆಗೆ ಬರಬೇಕು.

ಕೇರಿಯವರ ಹತ್ತಿರ ಬೇರೆ ಕಾಗದ ಇರಲಿಲ್ಲವೇ ಅಂತ ನೀವು ಕೇಳಬಹುದು. ಇತ್ತು. ಹಳೆಯ ಮತದಾರರ ಪಟ್ಟಿಯಲ್ಲಿ ಅವರೆಲ್ಲರ ಹೆಸರೂ ಇದೆ. ಹತ್ತೊಂಬತ್ತು ಮನೆಯವರಿಗೂ ಒಂದೇ ಮನೆ ನಂಬರು. ಅದು ವಾಡೆಯ ನಂಬರು. ಬಂಡೆಪ್ಪನ ಅಪ್ಪ ತನ್ನ ಆಳುಗಳನ್ನು ತನ್ನ ಮನೆಯವರು ಅಂತ ಬರೆಸಿದ್ದ. ರೊಟ್ಟಿ ಕೊಡುವಾಗ ಹಿತ್ತಿಲು, ವೋಟಿಗೆ ಮನೆ.

ಆ ಅರ್ಜಿಗೆ ಡೈರೆಕ್ಟರ್ ಅಂತ ಸಹಿ ಹಾಕಿದವನು ನಾನು. ನೋಡದೆ ಹಾಕಿದೆ ಅಂತ ಹೇಳಿದರೆ ನಂಬುವವರಿದ್ದಾರೆ. ಆದರೆ ನೋಡಿದ್ದೆ. ನಕ್ಷೆ ಯಾಕೆ ಲಗತ್ತಿಸಿದ್ದಾರೆ ಅಂತ ತಿಳಿದಿತ್ತು. ಸರಕಾರಿ ಕೆಲಸ, ಹತ್ತು ವರ್ಷ ಹಿಡಿಯುತ್ತದೆ, ಅಷ್ಟರಲ್ಲಿ ನಾನಿರುವುದಿಲ್ಲ ಅಂದುಕೊಂಡು ಸಹಿ ಹಾಕಿದೆ.

ಮಿಲಿಂದ್ ನೋಟೀಸು ಓದಿ ಹೇಳಿದಾಗ ಚಂದ್ರಾಬಾಯಿ ಏಣಿಯ ಮೇಲಿದ್ದರು. ಕೈತುಂಬ ಮಣ್ಣು. ಇಳಿದರು. ಅರ್ಧ ಗೋಡೆ ಹಸಿ, ಅರ್ಧ ಬರಿಗಲ್ಲು. ಉದ್ಘಾಟನೆಗೆ ಹನ್ನೆರಡು ದಿನ ಇತ್ತು. ಬಂಡೆಪ್ಪ ಪಡಸಾಲೆಯಿಂದ ಕೂಗಿದ.

"ಏ ಚಂದ್ರಿ, ಯಾಕ ಇಳದಿ? ಗೋಡಿ ಒಣಗಿ ಬಿರೀತದ."

"ಬಿರೀಲಿ."

ಅವನಿಗೆ ಕೇಳಿದ್ದು ನಂಬಿಕೆ ಆಗಲಿಲ್ಲ. ನನಗೂ ಆಗಲಿಲ್ಲ.

"ಏನಂದಿ?"

"ಬಿರೀಲಿ ಅಂದೆ. ಹದಿನಾಕು ವರ್ಷದಾಕಿ ಇದ್ದಾಗಿಂದ ನಿಮ್ಮ ಗೋಡಿ ಮೆತ್ತೀನಿ. ನಮ್ಮ ಗೋಡಿ ಕೆಡವಾಕ ಹೊಂಟೀರಿ. ಇನ್ನ ನೀವೇ ಮೆತ್ಕೋರಿ."

ಕೈಯಲ್ಲಿದ್ದ ಮಣ್ಣನ್ನು ಬುಟ್ಟಿಗೆ ಹಾಕಲಿಲ್ಲ. ನೆಲಕ್ಕೆ ಕೊಡವಿದರು. ಆಮೇಲೆ ನನ್ನ ಮುಂದೆ ಬಂದು ನಿಂತರು.

"ಸಾಹೇಬ್ರ, ನೀವು ನಮ್ಮ ಕೇರಿಗಿ ಬಂದಿದ್ರಿ. ನಮ್ಮ ಮನಿ ಮುಂದ ಕುಂತು ಎರಡು ಬಟ್ಟಲ ಅಂಬಲಿ ಕುಡದ್ರಿ. ಅಷ್ಟನ್ನ ಒಂದು ಹಾಳಿ ಮ್ಯಾಲ ಬರದು ಸಹಿ ಮಾಡಿ ಕೊಡ್ರಿ. ಬ್ಯಾರೆ ಏನೂ ಕೇಳಂಗಿಲ್ಲ ನಾ."

"ನೋಡೋಣ," ಅಂದೆ.

ನೋಡೋಣ ಅನ್ನುವುದು ನನ್ನಂಥವರು ಇಲ್ಲ ಅನ್ನುವ ರೀತಿ. ಅದು ಅವರಿಗೂ ಗೊತ್ತಿತ್ತು. ಮತ್ತೆ ಕೇಳಲಿಲ್ಲ.

ನಾನು ಜಹೀರಾಬಾದಿಗೆ ಓಡಿ ಬಂದೆ. ಎಂಟು ದಿನ ಮನೆ ಬಿಟ್ಟು ಕದಲಲಿಲ್ಲ. ಬಂಡೆಪ್ಪ ದಿನಾ ಫೋನು ಮಾಡಿದ.

"ಅವರಿಗಿ ಬ್ಯಾರೆ ಕಡಿ ಜಾಗಾ ಕೊಡಿಸ್ತೀವಿ ಸಂಜೀವಣ್ಣ. ಮೂರು ಕಿಲೋಮೀಟರ್ ಆದ್ರೇನು, ರಸ್ತಾ ಅದ. ನೀವು ಸುಮ್ಮ ಇದ್ರ ಸಾಕು."

ಸುಮ್ಮನಿರುವುದು ನನಗೆ ಚೆನ್ನಾಗಿ ಬರುವ ಕೆಲಸ. ಆದರೂ ಆ ಎಂಟು ದಿನ ಅನ್ನ ಇಳಿಯಲಿಲ್ಲ. ನನ್ನ ಹೆಂಡತಿ ಸರಿತಾ ಒಂದು ಮಧ್ಯಾಹ್ನ ತಟ್ಟೆ ಎತ್ತುತ್ತಾ ಕೇಳಿದಳು.

"ಫೋನ್ ಬಂದಾಗೊಮ್ಮಿ ಯಾಕ ಎದ್ದು ನಿಂದರ್ತೀರಿ? ಏನು ಮಾಡಿ ಬಂದೀರಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಆಯಿತು ನನ್ನ ಅವಸ್ಥೆ. ಅವಳಿಗೆ ಎಲ್ಲ ಹೇಳಿದೆ. ಅವಳು ಸಮಾಧಾನ ಮಾಡಲಿಲ್ಲ. "ಬರದಿಟ್ಟಿದ್ದು ಏನರ ಅದೇನು ಹುಡುಕ್ರಿ" ಅಂದು ಟ್ರಂಕಿನ ಕೀಲಿ ತಂದು ಮುಂದಿಟ್ಟಳು.

ಡೈರಿಗಳು ಸಿಕ್ಕವು. ೧೯೯೪ರ ನವೆಂಬರಿನ ಪುಟದಲ್ಲಿ ನನ್ನದೇ ಅಕ್ಷರ: "ಹಳ್ಳದಾಚೆ ಕೇರಿ. ೧೯ ಮನೆ. ಚಂದ್ರಾಬಾಯಿ, ಶರಣಪ್ಪರ ಮನೆಯಲ್ಲಿ ಅಂಬಲಿ." ಇಷ್ಟು ಸಾಕಿತ್ತು. ಆದರೆ ನಾನು ಮತ್ತೆ ಯಾವತ್ತಾದರೂ ಹಳ್ಳ ದಾಟಿದ್ದೆನೋ ಅಂತ ಮುಂದೆ ಓದುತ್ತಾ ಹೋದೆ. ದಾಟಿರಲಿಲ್ಲ. ಮುಂದಿನ ವರ್ಷದ ಡೈರಿಯಲ್ಲಿ ಫೆಬ್ರುವರಿಯ ಒಂದು ಪುಟಕ್ಕೆ ಬಂದು ನಿಂತೆ. ಓದಿದೆ. ಪುಸ್ತಕ ಮುಚ್ಚಿ ಸಂಜೆಯವರೆಗೆ ಹಾಗೇ ಕೂತೆ. ಆ ಪುಟದಲ್ಲಿ ಏನಿತ್ತು ಅಂತ ಮುಂದೆ ಹೇಳುತ್ತೇನೆ. ಸರಿತಾಗೂ ಆಗ ಹೇಳಲಿಲ್ಲ.

ವಿಚಾರಣೆ ಮಂಡಲದ ಕಚೇರಿಯಲ್ಲಿ. ತಹಶೀಲ್ದಾರ್ ಶೋಭಾರಾಣಿ ಹೊಸದಾಗಿ ಬಂದವರು, ಕನ್ನಡ ಬಲ್ಲವರು. ಕೇರಿಯ ಜನವೆಲ್ಲ ಹೊರಗೆ ಬೇವಿನ ಮರದ ಕೆಳಗೆ. ಒಳಗೆ ಚಂದ್ರಾಬಾಯಿ, ಮಿಲಿಂದ್. ಎದುರಿಗೆ ಬಂಡೆಪ್ಪ. ಅವನಿಗೆ ಕುರ್ಚಿ ಹಾಕಿದ್ದರು. ನನಗೂ ಹಾಕಿದ್ದರು.

"ಈ ನಕ್ಷೆ ನಿಮ್ಮದೇನಾ?" ಶೋಭಾರಾಣಿ ಕೇಳಿದರು.

"ಹೌದು."

"ಸರಿಯಾಗಿದೆಯಾ?"

"ಆ ಕಾಲದ ಸಂಶೋಧನೆಗೆ ಕೆಲವು ಮಿತಿಗಳಿದ್ದವು," ಅಂದೆ. "ನಕ್ಷೆ ಸಾಂಕೇತಿಕವಾದದ್ದು. ಸಾಮಾಜಿಕ ಸಂದರ್ಭವನ್ನು ಗಮನಿಸಿದರೆ..."

ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ನಮಗೆ ಓದಿಸಿಯೇ ಕಲಿಸುತ್ತಾರೆ. ಶೋಭಾರಾಣಿ ಪೆನ್ನು ಕೆಳಗಿಟ್ಟರು.

"ಸರ್, ಮನೆಗಳು ಇದ್ದವಾ, ಇಲ್ಲವಾ?"

ಚಂದ್ರಾಬಾಯಿಯ ಕಡೆ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ನಾನು ನಿಜ ಹೇಳಬಹುದು ಅನ್ನುವ ಆಸೆ ಅವರಿಗೆ ಚೂರೂ ಇರಲಿಲ್ಲ. ಅದು ನನಗೆ ಚುಚ್ಚಿತು.

"ಇದ್ದವು. ಹತ್ತೊಂಬತ್ತು. ನಕ್ಷೆ ಸುಳ್ಳು."

ಡೈರಿ ತೆಗೆದು ನವೆಂಬರಿನ ಪುಟ ಮುಂದಿಟ್ಟೆ. ಬಂಡೆಪ್ಪ ನಕ್ಕ.

"ಮೇಡಂ, ಒಂದೇ ಕೈ. ಡೈರಿಯಾಗ ಒಂದು ಬರದಾರ, ನಕ್ಷಾದಾಗ ಒಂದು ಬರದಾರ. ನಕ್ಷಾದ ಮ್ಯಾಲ ಯುನಿವರ್ಸಿಟಿ ಸಿಕ್ಕಾ ಒತ್ಯಾರ. ಡೈರಿಗಿ ಏನದ? ನಿನ್ನಿ ಬರದ್ರೂ ಯಾರಿಗಿ ಗೊತ್ತು?"

ಶೋಭಾರಾಣಿ ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಂಡು ನೋಡಿದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ.

"ಒಮ್ಮೆ ಸುಳ್ಳು ಬರೆದೆ ಅಂತ ನೀವೇ ಹೇಳುತ್ತೀರಿ. ಹಾಗಾದರೆ ಇನ್ನೊಂದು ಸತ್ಯ ಅಂತ ನಾನು ಯಾವ ಆಧಾರದ ಮೇಲೆ ಬರೀಲಿ?"

ಸತ್ಯ ಹೇಳಿದರೆ ಸಾಕು, ಎಲ್ಲ ಸರಿಹೋಗುತ್ತದೆ ಅಂತ ಜಹೀರಾಬಾದಿನಿಂದ ಬಸ್ಸಿನಲ್ಲಿ ಬರುವಾಗ ಅಂದುಕೊಂಡಿದ್ದೆ. ಮೂವತ್ತು ವರ್ಷ ತಡವಾಗಿ ಹೇಳಿದ ಸತ್ಯ ಯಾರ ಮನೆಯನ್ನೂ ಉಳಿಸುವ ಹಾಗೆ ಕಾಣಲಿಲ್ಲ.

ಗುಮಾಸ್ತ ಇಂಕಿನ ಪ್ಯಾಡು ತಂದು ಚಂದ್ರಾಬಾಯಿಯ ಮುಂದೆ ಇಟ್ಟ. ವಿಚಾರಣೆ ಮುಗಿಯಿತು ಅನ್ನುವುದಕ್ಕೆ ಹೆಬ್ಬೆಟ್ಟು ಹಾಕಬೇಕಿತ್ತು. ಅವರು ಕೈ ಹಿಂದಕ್ಕೆ ಕಟ್ಟಿಕೊಂಡರು.

"ಒತ್ತಂಗಿಲ್ರಿ."

"ಒತ್ತದಿದ್ದರೂ ಆದೇಶ ಆಗುತ್ತೆ, ಅಮ್ಮಾ," ಅಂದರು ಶೋಭಾರಾಣಿ.

"ಆಗಲಿ. ನಾ ಒತ್ತಂಗಿಲ್ಲ. ಇಷ್ಟು ವರ್ಷ ಎಲ್ಲಾದಕ್ಕೂ ಒತ್ತೀನಿ, ಏನು ಬರದೀರಿ ಅಂತ ಕೇಳಲಾರದ. ಮೇಡಂ, ಈ ಕಾಗದ ಅತ್ಲಾಗ ಸರಸ್ರಿ. ನಮ್ಮ ಮಂದಿ ಅಲ್ಲಿ ಮಣ್ಣಾಗ ಅದಾರ. ಒಮ್ಮಿ ಬಂದು ನೋಡ್ರಿ. ನೋಡಿದ ಮ್ಯಾಲ ಏನರ ಬರಕೋರಿ."

ಶೋಭಾರಾಣಿ ಗುಮಾಸ್ತನಿಗೆ ಪ್ಯಾಡು ತೆಗೆಯಲು ಹೇಳಿ, ಮಾರನೆಯ ದಿನ ಸ್ಥಳ ಪಂಚನಾಮೆ ಅಂತ ಬರೆದರು.

ಮಾರನೆಯ ದಿನ ಹಳ್ಳ ದಾಟಿದೆ. ಇದು ನನ್ನ ಬದುಕಿನಲ್ಲಿ ಎರಡನೆಯ ಸಲ. ನೀರಿರಲಿಲ್ಲ, ಹದಿನೈದು ಹೆಜ್ಜೆ. ಕೇರಿಯ ಹಿಂದೆ ಇಳಿಜಾರು. ತಂಗಡಿ ಗಿಡಗಳ ನಡುವೆ ಕಲ್ಲುಗಳು. ಹತ್ತಲ್ಲ, ಇಪ್ಪತ್ತಲ್ಲ. ಮೂವತ್ತನಾಲ್ಕು. ಎಲ್ಲ ತಾಂಡೂರಿನ ಬೂದು ಕಲ್ಲು, ಒಂದೊಂದೂ ಮೊಣಕಾಲೆತ್ತರ, ಮೂಲೆ ಮುರಿದದ್ದು, ಅಂಚು ಸೀಳಿದ್ದು. ಗಣಿಯವರು ಬೇಡ ಅಂತ ಎಸೆದ ಕಲ್ಲು. ಒಂದೊಂದರ ಮೇಲೂ ಹೆಸರು, ಸತ್ತ ದಿನ. ಕೆಲವು ಕನ್ನಡ, ಕೆಲವು ತೆಲುಗು. ಒಂದೆರಡು ಅಕ್ಷರ ಸೊಟ್ಟ.

ಮಿಲಿಂದ್ ತಹಶೀಲ್ದಾರರಿಗೆ ಹೇಳಿದ.

"ನಮ್ಮ ಮಂದಿ ಮೊದಲಿಂದ ತಾಂಡೂರಿನ ಗಣಿಗಿ ದುಡಿಯಾಕ ಹೋಗ್ತಾರ್ರಿ. ಇಲ್ಲಿ ಯಾರರ ಸತ್ರ, ಸುದ್ದಿ ಹೋದ ಕೂಡ್ಲೇ ಒಂದು ಕಲ್ಲು ಬಸ್ಸಿನ ಮ್ಯಾಲ ಹಾಕ್ಕೊಂಡು ಬರ್ತಾರ. ಬರಿಗೈಲೆ ಬರಂಗಿಲ್ಲ. ನಮ್ಮ ಹೆಸರು ಬ್ಯಾರೆ ಯಾರೂ ಬರಕೊಳ್ಳಂಗಿಲ್ಲಲ್ರಿ, ಅದಕ."

೧೯೬೮. ೧೯೭೪. ೧೯೮೩. ಶೋಭಾರಾಣಿ ಬಗ್ಗಿ ಬಗ್ಗಿ ಓದಿದರು. ನಾನು ಹಿಂದೆ ನಿಂತಿದ್ದೆ. ಇಡೀ ಬದುಕು ಹಳೆಯದನ್ನು ಹುಡುಕಿಕೊಂಡು ಅಲೆದವನು ನಾನು. ವಾಡೆಯ ಕೋಣೆಯಿಂದ ಇದು ಮುನ್ನೂರು ಹೆಜ್ಜೆ.

ಒಂದು ಕಲ್ಲಿನ ಮುಂದೆ ಚಂದ್ರಾಬಾಯಿ ನಿಂತರು. ಅದರ ಮೇಲೆ ಹೀಗಿತ್ತು: ಶರಣಪ್ಪ. ವಾಡೆ ಹಗೇವಿನ್ಯಾಗ ಸತ್ತ. ೨೧-೨-೯೫.

ಹಗೇವು ಅಂದರೆ ನೆಲದೊಳಗಿನ ಜೋಳದ ಕಣಜ. ಬಾಯಿ ಸಣ್ಣದು, ಒಳಗೆ ಎರಡಾಳು ಆಳ. ವರ್ಷಗಟ್ಟಲೆ ಮುಚ್ಚಿಟ್ಟಿದ್ದನ್ನು ತೆರೆದ ಕೂಡಲೇ ಇಳಿದರೆ ಉಸಿರು ಕಟ್ಟುತ್ತದೆ. ಬಾಯಿ ತೆರೆದು ಒಂದು ದಿನವಾದರೂ ಬಿಡಬೇಕು.

"ಸುಳ್ಳು," ಅಂದ ಬಂಡೆಪ್ಪ. "ಶರಣ್ಯಾ ದುಡಿಯಾಕ ಬೊಂಬಾಯಿಗೆ ಹೋಗಿ ಅಲ್ಲೇ ಸತ್ತಾನ. ಮೇಡಂ, ಈ ಹುಡುಗನ ದಂಧಾನೇ ಕಲ್ಲು ಕೆತ್ತೋದು. ಮೊನ್ನಿ ಕೆತ್ತಿ ಹುಗದಾನ. ಎಲ್ಲಾ ಕಲ್ಲೂ ಹಂಗೇ."

ಮಿಲಿಂದ್ ಮುಂದೆ ಬಂದ. ಚಂದ್ರಾಬಾಯಿ ಅವನ ರಟ್ಟೆ ಹಿಡಿದು ಹಿಂದಕ್ಕೆ ಸರಿಸಿದರು.

"ಒಂದಿನ ಬಾಯಿ ತಗದಿಡ್ರಿ ಅಂದಿದ್ದ," ಅಂದರು ಬಂಡೆಪ್ಪನನ್ನೇ ನೋಡುತ್ತಾ. "ಬಂಡಿ ಬಂದು ನಿಂತಾವ, ಇಳಿ ಮಗನ ಅಂದ್ರಿ. ನೀವೇ ಅಂದ್ರಿ. ಟೊಂಕಕ್ಕ ಹಗ್ಗ ಕಟ್ಟಿ ಇಳಿಸಿದ್ರಿ. ಉಸರಾಡಾಕ ಆಗವಲ್ದು ಅಂತ ಒದರಿದ. ನಾ ಹಿತ್ತಲದಾಗ ಸಗಣಿ ಬಳೀತಿದ್ದೆ, ನನಗ ಕೇಳ್ತು. ಒಂದು ಬುಟ್ಟಿ ತುಂಬಿ ಕೊಡು ಅಂದ್ರಿ ನೀವು."

ಶೋಭಾರಾಣಿಯ ಪೆನ್ನು ನಿಂತಿತ್ತು. ಕಲ್ಲು ಹೊಸದೋ ಹಳೆಯದೋ ಅವರಿಗೆ ತಿಳಿಯುವ ಹಾಗಿರಲಿಲ್ಲ. ಒಂದು ಕಡೆ ಪಾಟೀಲ, ಒಂದು ಕಡೆ ಹೆಬ್ಬೆಟ್ಟಿನ ಮುದುಕಿ.

ನನ್ನನ್ನು ಯಾರೂ ಏನೂ ಕೇಳಲಿಲ್ಲ. ನನ್ನ ಚೀಲದಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಹಾಗೇ ತಿರುಗಿ ಹೋಗಬಹುದಿತ್ತು. ಹೋಗುವ ಮನಸ್ಸೂ ಬಂತು, ಅದನ್ನು ಮುಚ್ಚಿಡುವುದಿಲ್ಲ. ಆ ಪುಟ ಎಲ್ಲರ ಮುಂದೆ ಓದುವುದಕ್ಕಿಂತ ಕೇರಿ ಬಿದ್ದರೂ ಪರವಾಗಿಲ್ಲ ಅಂತ ಒಂದು ಗಳಿಗೆ ಅನಿಸಿತು.

"ಮೇಡಂ," ಅಂದೆ, "ಆ ದಿನದ ಡೈರಿ ಇದೆ."

"ಸಂಜೀವಣ್ಣ," ಅಂದ ಬಂಡೆಪ್ಪ, ಮೆಲ್ಲಗೆ, "ವಾಡೆ ಅನ್ನ ಉಂಡೀರಿ."

"ಹೌದು, ಉಂಡಿದ್ದೇನೆ," ಅಂದೆ. ಪುಟ ತೆರೆದೆ. ಓದಿದೆ.

"ಇಪ್ಪತ್ತೊಂದು ಫೆಬ್ರುವರಿ, ಮಂಗಳವಾರ. ವಾಡೆಯಲ್ಲಿ ಹಗೇವು ತೆಗೆದರು. ಇಳಿದ ಆಳೊಬ್ಬ ಸತ್ತನಂತೆ. ಸಂಜೆಯಿಂದ ಹಳ್ಳದಾಚೆಯ ಕೇರಿಯಲ್ಲಿ ಹಲಗೆ ಬಾರಿಸುವ ಸದ್ದು, ಬರೆಯಲು ಆಗುತ್ತಿಲ್ಲ. ಚಂದ್ರಾಬಾಯಿ ಸಂದರ್ಶನಕ್ಕೆ ಬರಲಿಲ್ಲ. ದಿನ ವ್ಯರ್ಥ."

ಯಾರ ಹೆಸರು ಅಂತ ನಾನು ಆಗ ಕೇಳಿರಲಿಲ್ಲ. ಅವನ ಮನೆಯ ಅಂಬಲಿ ಕುಡಿದಿದ್ದೆ. ಆಳೊಬ್ಬ ಅಂತ ಬರೆದಿದ್ದೆ.

ಶೋಭಾರಾಣಿ ಡೈರಿ ಇಸಿದುಕೊಂಡು ತಾರೀಖನ್ನು ಕಲ್ಲಿನ ತಾರೀಖಿನ ಜೊತೆ ಹಿಡಿದು ನೋಡಿದರು. ಶಾಯಿ ಹಿಂದಿನ ಹಾಳೆಗೆ ಇಳಿದು ಕಂದಾಗಿತ್ತು. ಬೆಳಕಿಗೆ ಹಿಡಿದರು. "ಇಂಥದ್ದನ್ನ ಯಾರೂ ತಮ್ಮ ಮೇಲೆ ತಾವೇ ನಿನ್ನೆ ಬರೆದುಕೊಳ್ಳುವುದಿಲ್ಲ, ಪಾಟೀಲರೇ," ಅಂದರು. ಪಂಚನಾಮೆಯಲ್ಲಿ ಬರೆದರು: ೧೯೯೫ರ ಮೊದಲೇ ಹಳ್ಳದಾಚೆ ಕೇರಿ ಇತ್ತು, ಹೆಣ ಹೂಳುವ ಜಾಗವಿತ್ತು, ತೆರವಿನ ನೋಟೀಸು ತಡೆಹಿಡಿಯಲಾಗಿದೆ. ಶರಣಪ್ಪನ ಸಾವಿನ ಬಗ್ಗೆ ಬೇರೆ ವರದಿ ಕಳಿಸುತ್ತೇನೆ ಅಂತಲೂ ಹೇಳಿದರು. ಬಂಡೆಪ್ಪ ಹಳ್ಳ ಇಳಿದು ಹೋದ. ಕೇರಿಯ ಹೆಂಗಸರು ಅಳುತ್ತಿದ್ದರು. ಮಿಲಿಂದ್ ಯಾರಿಗೋ ಫೋನು ಹಚ್ಚಿ ಮನೆ ಉಳಿಯಿತು ಅಂತ ಹೇಳುತ್ತಿದ್ದ.

ನಾನು ಡೈರಿ ಮುಚ್ಚಿ ಚೀಲಕ್ಕೆ ಹಾಕಲು ಹೋದೆ. ಸ್ವಲ್ಪ ಹಗುರಾಗಿತ್ತು ಎದೆ. ನಾಚಿಕೆಗೇಡಿನ ಹಗುರು.

"ಸಾಹೇಬ್ರ," ಅಂದರು ಚಂದ್ರಾಬಾಯಿ. "ಕಡೀ ಎರಡು ಮಾತು ಇನ್ನೊಮ್ಮಿ ಓದ್ರಿ."

"ಮೇಡಂ ಬರೆದುಕೊಂಡರಲ್ಲ."

"ಮೇಡಂಗಲ್ಲ." ಶರಣಪ್ಪನ ಕಲ್ಲು ತೋರಿಸಿದರು. "ಇವನಿಗಿ. ನಿಂತು ಅಲ್ಲ, ಕುಂತು ಓದ್ರಿ. ಅವನಿಗಿ ಕೇಳ್ಲಿ."

ನಾನು ಕೂತೆ. ನೆಲ ಕಾದಿತ್ತು. ಓದಿದೆ.

"ಚಂದ್ರಾಬಾಯಿ ಸಂದರ್ಶನಕ್ಕೆ ಬರಲಿಲ್ಲ. ದಿನ ವ್ಯರ್ಥ."

ಎದ್ದು ನಿಲ್ಲಲು ಕೈ ಊರಿದೆ.

"ಇನ್ನೊಮ್ಮಿ," ಅಂದರು.